ಮರದ ವರ್ಕ್‌ಬೆಂಚಿಗೆ ತಗಡೋ, ಪಾಲಿಶೋ?

ಬೈಕ್ ರಿಪೇರಿ ಮಾಡುವ ಬೆಂಚಾದರೆ ನನ್ನ ಓಟು ಜಿಐ ತಗಡಿಗೆ, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡಿಗೆ. 1 ಮಿ.ಮೀ. ದಪ್ಪದ್ದು ಸಾಕು. ಅಂಚನ್ನು ಕೆಳಕ್ಕೆ ಮಡಿಸಿ ಸ್ಕ್ರೂ ಹಾಕಿಸಿ, ಇಲ್ಲದಿದ್ದರೆ ಕೈ ಕುಯ್ಯುತ್ತದೆ. ಚೈನ್ ಬಿಚ್ಚಿಟ್ಟ ಜಾಗದಲ್ಲಿ ಕಪ್ಪು ಗ್ರೀಸ್ ಕೂತಿರುತ್ತದೆ ಅಲ್ವಾ? ಡೀಸೆಲ್ ಅದ್ದಿದ ಬಟ್ಟೆಯಲ್ಲಿ ಒಮ್ಮೆ ಎಳೆದರೆ ಹೋಯಿತು. ಒಂದೇ ಕಿರಿಕಿರಿ, ಬೇರಿಂಗ್ ಗುಂಡು ಬಿದ್ದರೆ ಉರುಳಿ ಓಡುತ್ತದೆ.

ಪಿಯು (ಪಾಲಿಯುರಿಥೇನ್) ಪಾಲಿಶ್ ನೋಡೋಕೆ ಚೆಂದ, ಎಂಜಿನ್ ಆಯಿಲ್ ಒಳಗೆ ಇಳಿಯುವುದಿಲ್ಲ. ಆದರೆ ಸುತ್ತಿಗೆ ಏಟಿಗೆ ಚಕ್ಕೆ ಏಳುತ್ತದೆ, ಎಣ್ಣೆಗೆ ಅಷ್ಟೇ ದಾರಿ ಸಾಕು. ಬ್ರೇಕ್ ಆಯಿಲ್ ಚೆಲ್ಲಿದರೆ ಪದರವೇ ಹಾಳಾಗಬಹುದು. ಬರೀ ಮರಗೆಲಸಕ್ಕಾದರೆ ಸರಿ.

ಪಾಲಿಶ್ ಬದಲು ಮರಕ್ಕೆ ಅಗಸೆ ಎಣ್ಣೆ ಹಚ್ಚಿದರೆ ಅದು ಗ್ರೀಸನ್ನು ಜಾಸ್ತಿ ತಡೆಯುವುದಿಲ್ಲ. ಹಚ್ಚಿದ ಬಟ್ಟೆಯನ್ನು ಸುಮ್ನೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಹೊತ್ತಿಕೊಳ್ಳಬಹುದು. ಬೆಂಚಿನ ಮೇಲೆ ಹಾಸೋಕೆ ಮ್ಯಾಟ್ ಬೇಕಿದ್ದರೆ ನೈಟ್ರೈಲ್ (ಎಣ್ಣೆ ತಡೆಯುವ ರಬ್ಬರ್) ಕೇಳಿ. ಮಾಮೂಲಿ ರಬ್ಬರ್ ಎಣ್ಣೆ ಕುಡಿದು ಉಬ್ಬುತ್ತದೆ.