ಹ್ಯೂಗೋ ಸೈಟಿಗೆ ವಿಎನ್‌ಯು ಚೆಕರ್: ಮೂರು ತಿಂಗಳ ಅನುಭವ

ನಮ್ಮ ವೈನಿ ಧಾರವಾಡದಲ್ಲಿ ಕಸೂತಿ ಸೀರೆ ಮಾಡುತ್ತಾರೆ. ಅವರಿಗೆ ಹ್ಯೂಗೋದಲ್ಲಿ (ಬರೆದಿಟ್ಟ ಫೈಲುಗಳಿಂದ ಸೈಟ್ ಕಟ್ಟಿಕೊಡುವ ಪ್ರೋಗ್ರಾಂ) 62 ಪುಟದ ಕನ್ನಡ ಸೈಟ್ ಕಟ್ಟಿಕೊಟ್ಟೆ. ಥೀಮ್ ಪುಕ್ಕಟೆ ಸಿಕ್ಕಿದ್ದು. ಬ್ರೌಸರ್‌ನಲ್ಲಿ ಎಲ್ಲ ಚಂದ ಕಾಣುತ್ತಿತ್ತು. ಆದರೆ ಬ್ರೌಸರ್ ಅಂದ್ರೆ ಅಜ್ಜಿ ಇದ್ದಂಗೆ, ಮೊಮ್ಮಗ ಏನು ತಪ್ಪು ಮಾಡಿದರೂ ಮುಚ್ಚಿ ಹಾಕುತ್ತದೆ.

ಪುಟದ ಎಚ್‌ಟಿಎಂಎಲ್ ಕೋಡಿನಲ್ಲಿ ತಪ್ಪು ಹುಡುಕುವ ಆನ್‌ಲೈನ್ ವ್ಯಾಲಿಡೇಟರಿಗೆ ಒಂದೊಂದೇ ಪುಟ ಕೊಟ್ಟು ಸಾಕಾಗಿತ್ತು. ಮಳೆ ಬಂದರೆ ನಮ್ಮ ಓಣಿಯಲ್ಲಿ ಮೊದಲು ಕರೆಂಟ್ ಹೋಗುತ್ತೆ, ಹಿಂದೆಯೇ ನೆಟ್. ಅದಕ್ಕೇ ವೆಬ್‌ನ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಸೈಟಿನಲ್ಲಿರುವ ನ್ಯೂ ಎಚ್‌ಟಿಎಂಎಲ್ ಚೆಕರನ್ನೇ (ವಿಎನ್‌ಯು) ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ವಿಎನ್‌ಯು ಡಾಟ್ ಜಾರ್ ಅನ್ನೋ ಒಂದು ಫೈಲು, ಜೊತೆಗೆ ಜಾವಾ. ದುಡ್ಡು ಕೇಳಲ್ಲ. ಹ್ಯೂಗೋ ಕಟ್ಟಿದ ಪಬ್ಲಿಕ್ ಫೋಲ್ಡರ್ ತೋರಿಸಿದರೆ ಎಲ್ಲ ಪುಟವನ್ನೂ ಒಂದೇ ಸಲ ನೋಡುತ್ತದೆ.

ಮೊದಲ ದಿನ ಟರ್ಮಿನಲ್ ತುಂಬ ಬೈಗುಳ. ಅರ್ಧಕ್ಕಿಂತ ಜಾಸ್ತಿ ಒಂದೇ ಮಾತು: ಮೆಟಾ ಟ್ಯಾಗಿನ ಕೊನೆಗೆ ಸ್ಲ್ಯಾಶ್ ಯಾಕೆ ಹಾಕಿದ್ದೀ ಅಂತ. ಅದು ತಪ್ಪಲ್ಲ, ಸುಮ್ನೆ ಒಂದು ಸೂಚನೆ. ತಲೆಬಿಸಿಯಾಗಿ, ತಪ್ಪುಗಳನ್ನಷ್ಟೇ ತೋರಿಸುವ 'ಎರರ್ಸ್ ಓನ್ಲಿ' ಆಯ್ಕೆ ಹಾಕಿದೆ. ಆಮೇಲೆ ಉಳಿದದ್ದು ನಿಜವಾದ ತಪ್ಪು. ಗವಂತಿ, ಮುರ್ಗಿ ಹೊಲಿಗೆಯ ಫೋಟೊಗಳಿಗೆ ಆಲ್ಟ್ (ಚಿತ್ರ ಕಾಣದವರಿಗೆ ಬರೆಯುವ ವಿವರಣೆ) ಇರಲಿಲ್ಲ. ಎಲ್ಲ ಪುಟದ ಮೇಲೂ ಬರುವ ಹೆಡರ್‌ನಲ್ಲಿ ಒಂದು ಡಿವ್ ಟ್ಯಾಗ್ ಎರಡು ಸಲ ಮುಚ್ಚಿತ್ತು. ಹೆಡರ್ ಒಂದೇ ಫೈಲು, ಬೈಗುಳ ಮಾತ್ರ 62!

ಕಿರಿಕಿರಿಯೂ ಇದೆ. ಅದು ಹೇಳುವ ಸಾಲು ಪಬ್ಲಿಕ್ ಫೋಲ್ಡರಿನದ್ದು, ಥೀಮಿನಲ್ಲಿ ಎಲ್ಲಿ ಅಂತ ನೀವೇ ಹುಡುಕಬೇಕು. ಮಿನಿಫೈ ಮಾಡಿ (ಖಾಲಿ ಜಾಗ, ಸಾಲು ತೆಗೆದು ಕುಗ್ಗಿಸಿ) ಕಟ್ಟಿದ್ದರಂತೂ ಮುಗೀತು, ಬಹುತೇಕ ತಪ್ಪೆಲ್ಲ ಮೊದಲ ಒಂದೆರಡು ಸಾಲಿನಲ್ಲೇ ಇರುತ್ತವೆ.

ನನ್ನ ದಡ್ಡತನ ಬೇರೆಯದೇ. ಮೊನ್ನೆ 'ಎರರ್ಸ್ ಓನ್ಲಿ' ತೆಗೆದು ಓಡಿಸಿದೆ. ಸ್ಲ್ಯಾಶ್ ಗದ್ದಲದ ನಡುವೆ ಒಂದು ಎಚ್ಚರಿಕೆ ಇತ್ತು: ಪುಟ ಕನ್ನಡದಲ್ಲಿದ್ದಂತಿದೆ, ಪುಟದ ಭಾಷೆ ಹೇಳುವ ಲ್ಯಾಂಗ್ ಮಾತ್ರ 'ಇಎನ್' ಅಂತಿದೆ, 'ಕೆಎನ್' ಹಾಕಿ ನೋಡಿ. ಥೀಮಿನ ಟೆಂಪ್ಲೇಟ್‌ನಲ್ಲೇ ಇಂಗ್ಲಿಷ್ ಅಂತ ಬರೆದುಬಿಟ್ಟಿದ್ದರು. ಯಾವ ಭಾಷೆಯ ಧ್ವನಿಯಲ್ಲಿ ಓದಬೇಕು ಅಂತ ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ನೋಡೋದು ಇದನ್ನೇ ಅಲ್ವಾ? ಮೂರು ತಿಂಗಳಿಂದ ಅದರ ಪಾಲಿಗೆ ನಮ್ಮದು ಇಂಗ್ಲಿಷ್ ಅಂಗಡಿ. ಜಾವಾ ಪ್ರೋಗ್ರಾಂಗೆ ಗೊತ್ತಾದ ಕನ್ನಡ, ಕನ್ನಡದವನಾದ ನನ್ನ ಕಣ್ಣಿಗೆ ಬೀಳಲಿಲ್ಲ.

ವೈನಿಗೆ ಹೇಳಿದರೆ ನಕ್ಕರು. "ಗವಂತಿ ಹಾಕಿದ ಮ್ಯಾಲ ನಾವು ಅರಿವಿ ತಿರುವಿ ನೋಡ್ತೀವಿ. ನೀ ನೋಡಂಗಿಲ್ಲೇನು?"

ಈಗ ಫಿಲ್ಟರ್‌ಪ್ಯಾಟರ್ನ್ ಹಾಕಿ ಸ್ಲ್ಯಾಶ್ ಮಾತಷ್ಟನ್ನೇ ಅಡಗಿಸಿದ್ದೇನೆ, ಎಚ್ಚರಿಕೆಗಳೆಲ್ಲ ಬರುತ್ತವೆ. ಮುರಿದ ಲಿಂಕುಗಳನ್ನು ಇದು ನೋಡಲ್ಲ, ಅದಕ್ಕೆ ಬೇರೆ ಹುಡುಕುತ್ತಿದ್ದೇನೆ. ಹ್ಯೂಗೋ ಕಣ್ಣು ಮಿಟುಕಿಸೋದರೊಳಗೆ ಸೈಟ್ ಕಟ್ಟುತ್ತೆ. ಜಾವಾ ಎದ್ದು ಮೈಮುರಿಯೋದರಲ್ಲಿ ನನ್ನದು ಎರಡು ಗುಟುಕು ಚಹಾ ಆಗಿರುತ್ತೆ.