ಏರ್ ರೈಫಲ್ ಸ್ಕೋಪಿಗೆ ಯಾವ ರೆಟಿಕಲ್: ಡ್ಯೂಪ್ಲೆಕ್ಸ್, ಸಣ್ಣ ಗೆರೆ, ಮಿಲ್-ಡಾಟ್

ಮಂಡ್ಯದ ಹತ್ತಿರದ ನಮ್ಮ ತೆಂಗಿನ ತೋಟದಲ್ಲಿ, ಒಂದೇ .177 (0.177 ಇಂಚಿನ ಗುಂಡಿನ) ಏರ್ ರೈಫಲ್ ಮೇಲೆ ಮೂರು ಥರದ ರೆಟಿಕಲ್, ಅಂದರೆ ಸ್ಕೋಪಿನೊಳಗೆ ಗುರಿ ಹಿಡಿಯಲು ಕಾಣುವ ಗೆರೆಗಳು, ಹಾಕಿ ನೋಡಿದ್ದೇನೆ. ಗುರಿ ಬರೀ ಕಾಗದ, ಅದರ ಹಿಂದೆ ಮರಳಿನ ಮೂಟೆ. ಕಾಡುಪ್ರಾಣಿಗಳ ಬೇಟೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಅದು ಹಾಗೇ ಇರಬೇಕು.

ಡ್ಯೂಪ್ಲೆಕ್ಸ್ ಅಂದರೆ ಹೊರಗೆ ದಪ್ಪ ಗೆರೆ, ನಡುವೆ ಸಣ್ಣ ಗೆರೆ. ಹೊತ್ತು ಮುಳುಗುವಾಗ ತೆಂಗಿನ ನೆರಳಿನಲ್ಲಿ ಉಳಿದ ರೆಟಿಕಲ್‌ಗಳು ಮಾಯವಾದರೂ ಇದರ ದಪ್ಪ ಗೆರೆಗಳು ಕಾಣುತ್ತವೆ, ಕಣ್ಣು ತಾನಾಗೇ ನಡುವಿಗೆ ಹೋಗುತ್ತದೆ. ಆದರೆ ದೂರ ಬದಲಾದರೆ ಎಲ್ಲ ಅಂದಾಜೇ.

ತೀರಾ ಸಣ್ಣ ಗೆರೆಯ ಕ್ರಾಸ್‌ಹೇರ್ ಒಂದೇ ದೂರಕ್ಕೆ ಚೆನ್ನ. 10 ಮೀಟರ್ ಪಂದ್ಯದ ಕಾರ್ಡ್ ಇಟ್ಟು ನೋಡಿದೆ. ಆ ಪಂದ್ಯದಲ್ಲಿ ಸ್ಕೋಪ್ ಹಾಕುವ ಹಾಗಿಲ್ಲ, ಕಾರ್ಡ್ ಮಾತ್ರ ಬಳಸಿದ್ದು. ಅದರ ಕಪ್ಪು ಭಾಗ 30.5 ಮಿಲಿಮೀಟರ್ ಅಗಲ, ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಕಪ್ಪಿನ ಮೇಲೆ ಕಪ್ಪು ಗೆರೆ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಕಿತ್ತಳೆ ಬಣ್ಣದ ಸ್ಟಿಕ್ಕರ್ ಅಂಟಿಸಿದ ಕೂಡಲೇ ಗೆರೆ ಎದ್ದು ಕಂಡಿತು, ಗುಂಡು ಬಿದ್ದ ತೂತುಗಳ ಗುಂಪೂ ಬಿಗಿಯಾಯಿತು.

ನನ್ನ ಮನಸ್ಸು ನಿಂತಿದ್ದು ಮಿಲ್-ಡಾಟ್ ಮೇಲೆ, ಅಂದರೆ ಗೆರೆಗಳ ಮೇಲೆ ಒಂದೊಂದು ಮಿಲ್‌ಗೆ ಒಂದು ಚುಕ್ಕೆ ಇರುವ ರೆಟಿಕಲ್. ಒಂದು ಮಿಲ್ ಅಂದರೆ 100 ಮೀಟರ್‌ನಲ್ಲಿ 10 ಸೆಂಟಿಮೀಟರ್, 50ರಲ್ಲಿ 5, 40ರಲ್ಲಿ 4. ನನ್ನ ರೈಫಲ್ಲನ್ನು 25 ಮೀಟರ್‌ಗೆ ಜೀರೋ ಮಾಡಿದರೆ (ಆ ದೂರದಲ್ಲಿ ಗುಂಡು ರೆಟಿಕಲ್ ನಡುವಿಗೇ ಬೀಳುವ ಹಾಗೆ ಹೊಂದಿಸಿದರೆ), 40ರಲ್ಲಿ ಪೆಲೆಟ್ (ಏರ್ ರೈಫಲ್ಲಿನ ಗುಂಡು) ಆರೇಳು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಅಂದರೆ ನಡುವಿನಿಂದ ಕೆಳಗಿನ ಎರಡನೇ ಚುಕ್ಕೆಗಿಂತ ಸ್ವಲ್ಪ ಮೇಲೆ ಗುರಿ ಹಿಡಿದರೆ ಸಾಕು, ಟರೆಟ್, ಅಂದರೆ ಸ್ಕೋಪಿನ ಗುರಿ ಹೊಂದಿಸುವ ತಿರುಗಣೆ, ತಿರುಗಿಸುವ ಕೆಲಸವೇ ಇಲ್ಲ.

ಒಂದು ವಿಷಯ ಮಾತ್ರ ಮರೆಯಬಾರದು. ನಮಗೆ ಕೈಗೆಟಕುವ ಸ್ಕೋಪ್‌ಗಳು ಹೆಚ್ಚಾಗಿ ಸೆಕೆಂಡ್ ಫೋಕಲ್ ಪ್ಲೇನ್, ಅಂದರೆ ಝೂಮ್ ಬದಲಿಸಿದರೂ ರೆಟಿಕಲ್ ಒಂದೇ ಗಾತ್ರದಲ್ಲಿ ಕಾಣುವಂಥವು. ಅವುಗಳಲ್ಲಿ ಚುಕ್ಕೆಗಳ ಲೆಕ್ಕ ಒಂದೇ ಝೂಮಿನಲ್ಲಿ ಸರಿ. 10ಕ್ಕೆ ಹೊಂದಿಸಿದ ಸ್ಕೋಪನ್ನು 5ಕ್ಕೆ ಇಳಿಸಿದರೆ ಎರಡು ಚುಕ್ಕೆಗಳ ನಡುವೆ 2 ಮಿಲ್ ಆಗುತ್ತದೆ. ಫಸ್ಟ್ ಫೋಕಲ್ ಪ್ಲೇನ್‌ನಲ್ಲಿ ರೆಟಿಕಲ್ಲೂ ಗುರಿಯ ಜೊತೆಗೇ ದೊಡ್ಡದು ಚಿಕ್ಕದು ಆಗುವುದರಿಂದ ಈ ತಾಪತ್ರಯ ಇಲ್ಲ, ಆದರೆ ಝೂಮ್ ಇಳಿಸಿದರೆ ಗೆರೆಗಳು ತೀರಾ ಸಣ್ಣದಾಗುತ್ತವೆ, ಬೆಲೆಯೂ ಜಾಸ್ತಿ. ಮರದ ಹಾಗೆ ಕವಲೊಡೆದ ರೆಟಿಕಲ್ ಏರ್ ರೈಫಲ್ಲಿಗೆ ಸುಮ್ನೆ ದಂಡ.

ಕೊಳ್ಳುವಾಗ ಚುಕ್ಕೆಗಳ ಲೆಕ್ಕ ಯಾವ ಝೂಮಿಗೆ ಸರಿ ಅಂತ ಕೇಳಿ. 10 ಮೀಟರ್‌ವರೆಗೆ ಪ್ಯಾರಲಾಕ್ಸ್ (ಕಣ್ಣು ಸರಿದಾಗ ರೆಟಿಕಲ್ ಗುರಿಯ ಮೇಲಿಂದ ಸರಿದಂತೆ ಕಾಣುವ ದೋಷ) ಹೊಂದಿಸಲು ಬರುತ್ತದಾ, ಸ್ಪ್ರಿಂಗ್ ರೈಫಲ್ಲಿನ ಹಿಂದಕ್ಕೂ ಮುಂದಕ್ಕೂ ಒದೆಯುವ ಏಟು ತಡೆಯುತ್ತದಾ ಅಂತಲೂ ನೋಡಿ.