ಫ್ಲೈಸ್ಕೈ ಎಫ್‌ಎಸ್-ಐ6 ರಿಮೋಟ್: ಮೂರು ವರ್ಷದ ಬಳಕೆಯ ನಂತರ

ಇದು ಮಾದರಿ ವಿಮಾನ, ದೋಣಿ ಓಡಿಸುವ ರೇಡಿಯೋ ರಿಮೋಟ್. ಆರು ಚಾನೆಲ್ (ಅಂದರೆ ಬೇರೆಬೇರೆಯಾಗಿ ನಿಯಂತ್ರಿಸಬಹುದಾದ ಆರು ಕೆಲಸ), ನಾಲ್ಕು ಎಎ ಸೆಲ್, ಜೊತೆಗೆ ಮಾದರಿಯೊಳಗೆ ಕೂರುವ ಐಎ6ಬಿ ರಿಸೀವರ್. ಮೊದಲ ರಿಮೋಟ್ ಆಗಿ ಇದನ್ನು ಒಪ್ಪಲು ದೊಡ್ಡ ಕಾರಣ ಬೆಲೆಯಲ್ಲ, ಫ್ರೀಕ್ವೆನ್ಸಿ. ಭಾರತದ 2005ರ ನಿಯಮದಂತೆ 2400ರಿಂದ 2483.5 ಮೆಗಾಹರ್ಟ್ಸ್ ಒಳಗೆ ಲೈಸೆನ್ಸ್ ಬೇಡ. ಟ್ರಾನ್ಸ್‌ಮಿಟರ್ 1 ವ್ಯಾಟ್, ಆಂಟೆನಾ ಸೇರಿ 4 ವ್ಯಾಟ್ ಮೀರಬಾರದು. ಈ ಸೆಟ್ಟಿನದು 100 ಮಿಲಿವ್ಯಾಟ್ ಒಳಗೇ ಇದೆ. ಆದರೆ ಅದೇ ನಿಯಮ ಯಾರಿಗೂ ರಕ್ಷಣೆ ಕೊಡುವುದಿಲ್ಲ: ವೈಫೈ ಅಡ್ಡ ಬಂದರೆ ದೂರಲು ಹಕ್ಕಿಲ್ಲ. ತುಮಕೂರಿನ ಮನೆ ತಾರಸಿಗಿಂತ ಊರಾಚೆಯ ಬಯಲೇ ವಾಸಿ.

ಅಗ್ಗಕ್ಕೆ ಸಿಕ್ಕಿತೆಂದು ಹಳೆಯ 35 ಅಥವಾ 72 ಮೆಗಾಹರ್ಟ್ಸ್ ಸೆಟ್ ಕೊಳ್ಳಬೇಡಿ, ಇಲ್ಲಿ ಅವಕ್ಕೆ ಆ ವಿನಾಯಿತಿ ಇಲ್ಲ. 915 ಮೆಗಾಹರ್ಟ್ಸ್ ಮಾಡ್ಯೂಲ್ ಇನ್ನೂ ಕೆಟ್ಟದ್ದು, ಅದು ಮೊಬೈಲ್ ಬ್ಯಾಂಡಿನ ಬಾಗಿಲಲ್ಲೇ ಕೂರುತ್ತದೆ. ದೂರ ಬೇಕೇ ಬೇಕೆಂದರೆ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ದೂರದ ರೇಡಿಯೋ ವ್ಯವಸ್ಥೆಯ 868 ಮೆಗಾಹರ್ಟ್ಸ್ ಹಾರ್ಡ್‌ವೇರ್ ತಂದು, ಟ್ರಾನ್ಸ್‌ಮಿಟರ್, ರಿಸೀವರ್ ಎರಡೂ ಕಡೆ ಐಎನ್866 (ಭಾರತದ ಬ್ಯಾಂಡಿನ ಆಯ್ಕೆ) ಆಯ್ದು ಫ್ಲ್ಯಾಶ್ ಮಾಡಿ, ಅಂದರೆ ಅದರ ಸಾಫ್ಟ್‌ವೇರ್ ತುಂಬಿ.

ಸಿಗ್ನಲ್ ಕೈಕೊಡುವುದು ಹೆಚ್ಚಾಗಿ ಆಂಟೆನಾದಿಂದ. ರಿಸೀವರಿನ ಎರಡು ತಂತಿಗಳ ತುದಿಯಲ್ಲಿ ಸುಮಾರು 30 ಮಿಲಿಮೀಟರ್ ಬರಿಯ ಭಾಗವಷ್ಟೇ ಕೆಲಸ ಮಾಡುವುದು. ಅದನ್ನು ಮಡಚಬಾರದು, ಕತ್ತರಿಸಬಾರದು. ಎರಡನ್ನೂ 90 ಡಿಗ್ರಿಯಲ್ಲಿ, ಬ್ಯಾಟರಿ, ಮೋಟಾರ್ ತಂತಿ, ಕಾರ್ಬನ್ ಫೈಬರ್ ಇವುಗಳಿಂದ ದೂರ ಇಡಿ. ಕೆರೆಯಲ್ಲಿ ದೋಣಿ ಬಿಡುವವರು ತುದಿಗಳನ್ನು ನೀರಿನ ಮಟ್ಟಕ್ಕಿಂತ ಮೇಲೆ ಎತ್ತಿ ಕಟ್ಟಬೇಕು, ನೀರು 2.4 ಗಿಗಾಹರ್ಟ್ಸನ್ನು ನುಂಗುತ್ತದೆ. ಮಳೆ ನಿಂತ ತೆಂಗಿನ ತೋಟದ ಒದ್ದೆ ಗರಿಗಳೂ ಹಾಗೆಯೇ. ಇನ್ನು ಕೈಯಲ್ಲಿರುವ ರಿಮೋಟ್‌ನ ಆಂಟೆನಾ ತುದಿಯನ್ನು ವಿಮಾನದ ಕಡೆಗೆ ಗುರಿ ಇಡಬೇಡಿ; ತುದಿಯಿಂದ ಹೊರಡುವ ಸಿಗ್ನಲ್ ತೀರಾ ಕಡಿಮೆ.

ಫೇಲ್‌ಸೇಫ್, ಅಂದರೆ ಸಿಗ್ನಲ್ ತಪ್ಪಿದಾಗ ರಿಸೀವರ್ ಏನು ಮಾಡಬೇಕೆಂಬುದನ್ನು ಹೊಂದಿಸದೆ ಹಾರಿಸಲೇಬಾರದು. ರಿಮೋಟ್‌ನ ಮೆನುವಿನ ಆರ್‌ಎಕ್ಸ್ (ರಿಸೀವರ್) ಸೆಟಪ್‌ನಲ್ಲಿ ಫೇಲ್‌ಸೇಫ್ ತೆರೆದು ಚಾನೆಲ್ 3 ಆನ್ ಮಾಡಿ, ಥ್ರಾಟಲ್ (ಮೋಟಾರ್ ವೇಗದ ಕಡ್ಡಿ) ಪೂರ್ತಿ ಕೆಳಗಿಟ್ಟು, ಕ್ಯಾನ್ಸಲ್ ಗುಂಡಿಯನ್ನು ಒತ್ತಿ ಹಿಡಿಯಿರಿ. ಬರಿದೇ ಒತ್ತಿಬಿಟ್ಟರೆ ಸೇವ್ ಆಗುವುದಿಲ್ಲ (ಹೆಸರು ಕ್ಯಾನ್ಸಲ್, ಕೆಲಸ ಸೇವ್!). ಬಳಿಕ ಪ್ರೊಪೆಲ್ಲರ್ ಬಿಚ್ಚಿ, ಮೋಟಾರ್ ಓಡುವಾಗ ರಿಮೋಟ್ ಆಫ್ ಮಾಡಿ ನೋಡಿ. ಮೋಟಾರ್ ನಿಲ್ಲದಿದ್ದರೆ ಮತ್ತೆ ಹೊಂದಿಸಬೇಕು.

ರಿಮೋಟ್‌ನ ನಾಲ್ಕು ಸೆಲ್ ಸೇರಿ 4.2 ವೋಲ್ಟಿಗೆ ಇಳಿದರೆ ಬೀಪ್ ಶುರು. ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಸುಮಾರು 4.8ರಲ್ಲೇ ಹೆಚ್ಚು ಹೊತ್ತು ನಿಂತು ಆಮೇಲೆ ಥಟ್ಟನೆ ಇಳಿಯುವುದರಿಂದ, ಬೀಪ್ ಕೇಳಿದ ಕೂಡಲೇ ವಿಮಾನ ಇಳಿಸಿ.